ಕ್ಯಾರವಾನ್ ಫ್ರಿಜ್‌ಗೆ ಎಷ್ಟು ಸೋಲಾರ್ ಬೇಕು? ಅನುಭವ ಇರುವವರು ಹೇಳಿ

ಆರು ತಿಂಗಳಿಗೂ ಜಾಸ್ತಿ ಕ್ಯಾರವಾನ್‌ನಲ್ಲೇ ಇರುವ ಯೋಚನೆ ಮಾಡಿದ್ದೇವೆ. ಕರೆಂಟ್ ಸಿಗದ ಕಡೆ ನಾಲ್ಕೈದು ದಿನ ನಿಲ್ಲುವುದೂ ಇರುತ್ತದೆ. 90 ಲೀಟರ್ ಫ್ರಿಜ್ ಹಗಲೂ ರಾತ್ರಿ ಓಡಬೇಕು. ಎಷ್ಟು ವ್ಯಾಟ್ ಪ್ಯಾನೆಲ್ ಹಾಕಿಸಲಿ, ಎಂಥ ಬ್ಯಾಟರಿ ತಗೊಳ್ಳಲಿ? ಗ್ಯಾಸ್ ಫ್ರಿಜ್ ಒಳ್ಳೆಯದಾ, ಕಂಪ್ರೆಸರ್‌ದಾ?

*

ಎಲ್ಲರೂ ಪ್ಯಾನೆಲ್‌ನಿಂದಲೇ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. 200 ವ್ಯಾಟ್ ಹಾಕಿಸಿದೆ, ಸಾಲಲಿಲ್ಲ. ಇನ್ನೊಂದು 200 ಹಾಕಿಸಿದೆ. ಆಗಲೂ ಬೆಳಗಿನ ಜಾವ ಫ್ರಿಜ್ ಟಕ್ ಅಂತ ನಿಲ್ಲುತ್ತಿತ್ತು, ಬ್ಯಾಟರಿ ನೋಡಿದರೆ ಇನ್ನೂ ಅರ್ಧ ಇರುತ್ತಿತ್ತು.

ಕೊನೆಗೆ ಒಂದು ದಿನ ಮಲ್ಟಿಮೀಟರ್ ಹಿಡಿದು ಫ್ರಿಜ್ ಹಿಂದೆ ಕೂತೆ. ಬ್ಯಾಟರಿ ಟರ್ಮಿನಲ್‌ನಲ್ಲಿ 12.2 ವೋಲ್ಟ್. ಕಂಪ್ರೆಸರ್ ಓಡುತ್ತಿರುವಾಗಲೇ ಫ್ರಿಜ್‌ನ ಟರ್ಮಿನಲ್‌ಗೆ ಮೀಟರ್ ಇಟ್ಟರೆ 11.3. ಹತ್ತಿರ ಹತ್ತಿರ ಒಂದು ವೋಲ್ಟ್ ದಾರಿಯಲ್ಲೇ ಮಾಯ! ಕ್ಯಾರವಾನ್ ಫಿಟ್ ಮಾಡಿದವರು ಲೈಟಿಗೆ ಹಾಕುವ 1.5 ಸ್ಕ್ವೇರ್ ಎಂಎಂ ವೈರನ್ನೇ ಫ್ರಿಜ್‌ಗೂ ಎಳೆದಿದ್ದರು. ಹೋಗುವುದು 7 ಮೀಟರ್, ಬರುವುದು 7 ಮೀಟರ್. 12 ವೋಲ್ಟ್‌ನಲ್ಲಿ 5 ಆಂಪ್ ಹರಿದರೆ ಅಷ್ಟು ಸಣ್ಣ ವೈರ್‌ನಲ್ಲಿ 0.8 ವೋಲ್ಟ್ ಹೋಗುತ್ತದೆ, ಮಿಕ್ಕಿದ್ದು ಸ್ವಿಚ್ಚು, ಜಾಯಿಂಟುಗಳಲ್ಲಿ. ಕಂಪ್ರೆಸರ್ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಇನ್ನೂ ಜಾಸ್ತಿ ಎಳೆಯುತ್ತದಲ್ಲ, ಆಗ ವೋಲ್ಟೇಜ್ ಇನ್ನಷ್ಟು ಕುಸಿದು, ಬ್ಯಾಟರಿ ಖಾಲಿ ಆಯಿತು ಅಂದುಕೊಂಡು ಫ್ರಿಜ್ ತಾನೇ ಆಫ್ ಆಗುತ್ತಿತ್ತು. 6 ಸ್ಕ್ವೇರ್ ಎಂಎಂ ವೈರ್ ನೇರವಾಗಿ ಬ್ಯಾಟರಿಯಿಂದ ಎಳೆದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿದೆ. ಈಗ ಕಳೆದುಹೋಗುವುದು 0.2 ವೋಲ್ಟ್. ಎರಡನೇ ಪ್ಯಾನೆಲ್‌ಗೆ ಸುಮ್ನೆ ಆತುರಪಟ್ಟೆ ಅನ್ನಿಸಿತು.

ಇನ್ನೊಂದು ಗಾಳಿ. ಫ್ರಿಜ್ ಒಳಗಿನ ಬಿಸಿಯನ್ನು ತೆಗೆದು ಹಿಂದಕ್ಕೆ ಬಿಡುತ್ತದೆ, ಅಷ್ಟೇ ಅದರ ಕೆಲಸ. ಆ ಬಿಸಿ ಹೋಗುವುದಕ್ಕೆ ದಾರಿ ಇಲ್ಲದಿದ್ದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ನಮ್ಮದರಲ್ಲಿ ಚೆಂದ ಕಾಣಲಿ ಅಂತ ಸುತ್ತ ಪ್ಲೈವುಡ್ ಬಿಗಿಯಾಗಿ ಮುಚ್ಚಿದ್ದರು. ಕೆಳಗೊಂದು, ಮೇಲೊಂದು ಜಾಲರಿ ಕೊರೆದು, ಮೇಲಿನದಕ್ಕೆ ಕಂಪ್ಯೂಟರ್‌ನ ಸಣ್ಣ 12 ವೋಲ್ಟ್ ಫ್ಯಾನ್ ಸಿಕ್ಕಿಸಿದೆ. ಮುಂಚೆ ಮಧ್ಯಾಹ್ನ ಪೂರ್ತಿ ಗುಂಯ್ ಅನ್ನುತ್ತಿದ್ದದ್ದು ಈಗ ನಡುನಡುವೆ ಸುಮ್ಮನಾಗುತ್ತದೆ.

ಇಷ್ಟಾದ ಮೇಲೆ ಲೆಕ್ಕಕ್ಕೆ ಬನ್ನಿ. ಶಂಟ್ (ಹರಿಯುವ ಕರೆಂಟ್ ಅಳೆಯುವ ತುಣುಕು) ಇರುವ ಬ್ಯಾಟರಿ ಮಾನಿಟರ್ ಹಾಕಿ 24 ಗಂಟೆ ಫ್ರಿಜ್ ಒಂದನ್ನೇ ಓಡಿಸಿ ನೋಡಿ. ಲೇಬಲ್ ಮೇಲಿನ ನಂಬರ್ ನಂಬಬೇಡಿ, ಅದು ಹೊರಗೆ ಎಷ್ಟು ಸೆಕೆ ಇದ್ದಾಗ ಅಳೆದದ್ದೋ. ನನ್ನ 90 ಲೀಟರ್ ಕಂಪ್ರೆಸರ್ ಫ್ರಿಜ್ ತಂಪು ಹವೆಯಲ್ಲಿ ದಿನಕ್ಕೆ 35 ಆಂಪ್ ಅವರ್ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್ ಅವರ್) ಕುಡಿಯುತ್ತದೆ, ಸೆಕೆಯಲ್ಲಿ 60. ಲೈಟು, ಪಂಪು, ಫೋನು ಎಲ್ಲ ಸೇರಿ 25. ಅಂದರೆ ಕೆಟ್ಟ ದಿನಕ್ಕೆ 85. ಚಾವಣಿ ಮೇಲೆ ಚಪ್ಪಟೆ ಮಲಗಿಸಿದ 100 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ಕೊಡುವುದು 25 ರಿಂದ 30 ಆಂಪ್ ಅವರ್. ಹಾಗಾಗಿ 300 ವ್ಯಾಟ್‌ನಲ್ಲಿ ಸರಿಸಮ ಆಗುತ್ತದೆ, 400 ಇದ್ದರೆ ಹಿಂದಿನ ದಿನದ ಬಾಕಿಯೂ ತೀರುತ್ತದೆ.

ಮೋಡ ಮುಚ್ಚಿದರೆ ಕಾಲು ಭಾಗ ಬಂದರೆ ಪುಣ್ಯ. ಬ್ಯಾಟರಿ ಬೇಕಾಗುವುದೇ ಆಗ. 200 ಆಂಪ್ ಅವರ್ ಲಿಥಿಯಂನಲ್ಲಿ 160 ಧೈರ್ಯವಾಗಿ ಬಳಸಬಹುದು, ಮೋಡದ ದಿನಗಳಲ್ಲಿ ನನಗೆ ಮೂರು ದಿನದ ಹತ್ತಿರ ಬರುತ್ತದೆ. ಎಜಿಎಂ (ಸೀಲ್ ಮಾಡಿದ ಲೆಡ್ ಆಸಿಡ್ ಬ್ಯಾಟರಿ) ತಗೊಂಡರೆ ಅರ್ಧದ ಕೆಳಗೆ ಇಳಿಸಬಾರದು. ಅಷ್ಟೇ ಬಳಕೆಗೆ 320 ಆಂಪ್ ಅವರ್ ಬೇಕು, ತೂಕ 90 ಕೆಜಿ ದಾಟುತ್ತದೆ, ಲಿಥಿಯಂ ಆದರೆ 25ರ ಆಸುಪಾಸು. ಕ್ಯಾರವಾನ್ ಹೊರುವ ತೂಕಕ್ಕೆ ಮಿತಿ ಇದೆ ಅಲ್ವಾ. ಆದರೆ ಸೊನ್ನೆ ಡಿಗ್ರಿ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು, ಚಳಿ ಕಡೆ ಹೋಗುವವರು ಅದನ್ನು ಒಳಗೇ ಇಟ್ಟುಕೊಳ್ಳಿ. ನಾಲ್ಕನೇ ದಿನಕ್ಕೆ ದಾರಿ ಅಂದರೆ ಗಾಡಿ ಓಡಿಸುವುದು. ಎಂಜಿನ್ ಓಡುವಾಗ ಕ್ಯಾರವಾನ್ ಬ್ಯಾಟರಿ ತುಂಬಿಸುವ 30 ಆಂಪ್‌ನ ಡಿಸಿ ಟು ಡಿಸಿ ಚಾರ್ಜರ್ ಇದ್ದರೆ ಎರಡು ಗಂಟೆ ಓಡಿಸಿದರೆ 60 ಆಂಪ್ ಅವರ್ ಬರುತ್ತದೆ. ಎಂಜಿನ್‌ನ ಆಲ್ಟರ್ನೇಟರ್‌ನಿಂದ (ಕರೆಂಟ್ ತಯಾರಿಸುವ ಭಾಗ) ಲಿಥಿಯಂಗೆ ನೇರ ವೈರ್ ಕೊಡಬೇಡಿ, ಅದು ಎಳೆಯುವ ರಭಸಕ್ಕೆ ಆಲ್ಟರ್ನೇಟರ್ ಕಾದುಹೋಗುತ್ತದೆ.

ಮನೆ ಫ್ರಿಜ್ ಇಟ್ಟು ಇನ್ವರ್ಟರ್‌ನಲ್ಲಿ ಓಡಿಸುತ್ತೇನೆ ಅನ್ನುವವರಿಗೆ ಒಂದೇ ಮಾತು. ಇನ್ವರ್ಟರ್ ಖಾಲಿ ಕೂತರೂ 15 ವ್ಯಾಟ್ ತಿಂದರೆ ದಿನಕ್ಕೆ 28 ಆಂಪ್ ಅವರ್ ಆಯಿತು. ಒಂದು 100 ವ್ಯಾಟ್ ಪ್ಯಾನೆಲ್ ಅದಕ್ಕೇ ದುಡಿಯಬೇಕು.

*

ನಾನು ಗ್ಯಾಸ್ ಫ್ರಿಜ್ ಕಡೆಯವನು, ಸ್ವಲ್ಪ ಅದರ ಪರವಾಗಿಯೂ ಹೇಳುತ್ತೇನೆ. ಸದ್ದೇ ಇಲ್ಲ. ಗ್ಯಾಸ್ ಇರುವವರೆಗೆ ಬಿಸಿಲು ಬಂದರೆಷ್ಟು ಬಿಟ್ಟರೆಷ್ಟು. ಆದರೆ ಗಾಡಿ ಸಮತಟ್ಟಾಗಿ ನಿಲ್ಲಲೇಬೇಕು, ವಾಲಿದರೆ ಒಳಗಿನ ಅಮೋನಿಯ ನೀರು ಸರಿಯಾಗಿ ಹರಿಯುವುದಿಲ್ಲ, ತಣ್ಣಗಾಗುವುದೂ ಇಲ್ಲ. ಸುಡುಬಿಸಿಲಲ್ಲಿ ಸೋಲುತ್ತದೆ. ಪೆಟ್ರೋಲ್ ಬಂಕ್‌ಗೆ ನುಗ್ಗುವ ಮುಂಚೆ ಜ್ವಾಲೆ ಆರಿಸಬೇಕು, ಮರೆಯಬೇಡಿ.

12 ವೋಲ್ಟ್ ಬಟನ್ ಅದರಲ್ಲಿ ಇದೆ, ನಿಜ. ಅದು ಗಾಡಿ ಓಡುವಾಗ ಮಾತ್ರ. ಈ ಫ್ರಿಜ್ ಬಿಸಿಯಿಂದಲೇ ಓಡುವುದು, 12 ವೋಲ್ಟ್‌ನಲ್ಲಿ ಜ್ವಾಲೆಯ ಬದಲು ಇರುವುದು ಹೀಟರ್, 10 ಆಂಪ್‌ಗಿಂತ ಜಾಸ್ತಿ ಎಳೆಯುತ್ತದೆ, ನಿಲ್ಲುವುದೂ ಇಲ್ಲ. ನಾನೊಮ್ಮೆ ಮಧ್ಯಾಹ್ನ ನಿಲ್ಲಿಸಿ ಗ್ಯಾಸ್‌ಗೆ ತಿರುಗಿಸುವುದನ್ನು ಮರೆತೆ. ಕತ್ತಲಾದ ಮೇಲೆ ಲೈಟ್ ಹಾಕಿದರೆ ಹತ್ತಲಿಲ್ಲ.

*

ಮೇಲಿನವರು ಹೇಳಿದ್ದೆಲ್ಲ ಸರಿ. ನೆರಳಿನ ವಿಷಯ ಬಿಟ್ಟಿದ್ದಾರೆ. ಚಾವಣಿ ಮೇಲಿನ ಆಂಟೆನಾದ ಬೆರಳಗಲ ನೆರಳು ಪ್ಯಾನೆಲ್ ಮೇಲೆ ಬಿದ್ದರೂ ಬರುವ ಕರೆಂಟ್ ಧಡ್ ಅಂತ ಇಳಿಯುತ್ತದೆ. ಪ್ಯಾನೆಲ್‌ಗೆ ಬಿಸಿಲು ಬೇಕು, ಫ್ರಿಜ್‌ಗೆ ನೆರಳು ಬೇಕು, ಗಾಡಿ ನಿಲ್ಲಿಸುವಾಗ ದಿನಾ ಇದೇ ಪೇಚಾಟ. ಅದಕ್ಕೇ ನಾವು ಚಾವಣಿ ಮೇಲೆ 200, ಮಡಚುವಂಥದ್ದು 200 ಇಟ್ಟುಕೊಂಡಿದ್ದೇವೆ. ಗಾಡಿ ಮರದ ಕೆಳಗೆ, ಪ್ಯಾನೆಲ್ 10 ಮೀಟರ್ ದೂರದ ಬಿಸಿಲಲ್ಲಿ. ಪ್ಯಾನೆಲ್ ಮತ್ತು ಬ್ಯಾಟರಿ ನಡುವಿನ ಚಾರ್ಜ್ ಕಂಟ್ರೋಲರ್ ಎಂಪಿಪಿಟಿಯದೇ (ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ಪವರ್ ತೆಗೆಯುವಂಥದ್ದು) ತಗೊಳ್ಳಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್.

ಹಾಂ, ಹಗಲು ಬ್ಯಾಟರಿ ತುಂಬಿದ ಮೇಲೆ ಫ್ರಿಜ್ ಅನ್ನು ಎರಡು ಡಿಗ್ರಿ ಕೆಳಗಿಳಿಸಿ, ರಾತ್ರಿ ವಾಪಸ್ ಏರಿಸಿ. ನೀರಿನ ಬಾಟಲಿಗಳು ಆ ತಂಪು ಹಿಡಿದಿಟ್ಟುಕೊಳ್ಳುತ್ತವೆ.

*

ತುಂಬಾ ಥ್ಯಾಂಕ್ಸ್. ಪ್ಯಾನೆಲ್ ಬುಕ್ ಮಾಡುವುದರಲ್ಲಿದ್ದೆ, ತಡೆದಿದ್ದೇನೆ. ಈಗ ಬಗ್ಗಿ ನೋಡಿದರೆ ನಮ್ಮ ಫ್ರಿಜ್‌ಗೆ ಇರುವುದು 2.5 ಸ್ಕ್ವೇರ್ ಎಂಎಂ ವೈರ್, ಒಂದು ಕಡೆಗೆ 4 ಮೀಟರ್. ತೆಗೆಸಬೇಕಾ?

*

5 ಆಂಪ್‌ಗೆ 0.3 ವೋಲ್ಟ್ ಹತ್ತಿರ ಹೋಗುತ್ತದೆ. ನಡೆಯುತ್ತದೆ, ಸದ್ಯಕ್ಕೆ ಬಿಡಿ. ಆದರೂ ಕಂಪ್ರೆಸರ್ ಓಡುವಾಗ ಎರಡೂ ತುದಿಯಲ್ಲಿ ಮೀಟರ್ ಇಟ್ಟು ನೋಡಿ. ವ್ಯತ್ಯಾಸ ಅದಕ್ಕಿಂತ ಜಾಸ್ತಿ ಬಂದರೆ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬಿಸಿ ಇದ್ದರೆ ಲೂಸ್ ಅಲ್ಲೇ ಇದೆ.