ಪದಚರ್ಚೆ: ‘ಹೋಲ್ ಪಂಚಿಂಗ್’ಗೆ ಪದ ಬೇಕು, ಫೈರ್‌ವಾಲ್ ‘ಹಿಂದೆ’ಯೋ ‘ಒಳಗೆ’ಯೋ?

ಎಲ್ಲರಿಗೂ ನಮಸ್ಕಾರ. ವಿಡಿಯೊ ಕರೆಯ ತಂತ್ರಾಂಶವೊಂದರ ಸಹಾಯ ಪುಟ ಕನ್ನಡಕ್ಕೆ ಬರುತ್ತಿದೆ, ಫೈಲ್ ನಾಳೆ ಬೆಳಿಗ್ಗೆ ಹೋಗಬೇಕು. ತೊಡಕಿನ ವಾಕ್ಯ ಇದು: ‘ಎರಡೂ ಕಂಪ್ಯೂಟರ್‌ಗಳು ಬೇರೆ ಬೇರೆ ಫೈರ್‌ವಾಲ್‌ಗಳ ಹಿಂದೆ ಇದ್ದು, ಹೋಲ್ ಪಂಚಿಂಗ್ ಆಗದಿದ್ದರೆ ಕರೆ ರಿಲೇ ಮೂಲಕ ಹೋಗುತ್ತದೆ.’ (ಫೈರ್‌ವಾಲ್ ಎಂದರೆ ಜಾಲಕ್ಕೆ ಬೇಡದ್ದು ಬರದಂತೆ ತಡೆಯುವ ವ್ಯವಸ್ಥೆ, ಹೋಲ್ ಪಂಚಿಂಗ್ ಎಂದರೆ ಅದರಲ್ಲಿ ನೇರ ಕರೆಗೆ ದಾರಿ ಮಾಡಿಕೊಳ್ಳುವುದು, ರಿಲೇ ಎಂದರೆ ನಡುವೆ ನಿಂತು ಕರೆ ದಾಟಿಸುವ ಸರ್ವರ್.) ಹಳೆಯ ಅನುವಾದದಲ್ಲಿ ‘ಅಗ್ನಿಗೋಡೆ’, ‘ರಂಧ್ರ ತಾಡನ’ ಎಂದಿದೆ. ಕರೆಗೆ ಪ್ರಯತ್ನಿಸಬಹುದಾದ ವಿಳಾಸ, ಅಂದರೆ ಕ್ಯಾಂಡಿಡೇಟ್‌ಗೆ ‘ಅಭ್ಯರ್ಥಿ’ ಹಾಕಿದ್ದಾರೆ, ಹಾಗಾಗಿ ಕರೆ ಕೂಡದಿದ್ದಾಗ ತೆರೆಯ ಮೇಲೆ ‘ಯೋಗ್ಯ ಅಭ್ಯರ್ಥಿ ಲಭ್ಯವಿಲ್ಲ’ ಎಂದು ಬರುತ್ತದೆ. ನ್ಯಾಟ್ ಟ್ರಾವರ್ಸಲ್‌ಗೂ (ಒಳವಿಳಾಸವನ್ನು ಹೊರವಿಳಾಸವಾಗಿ ಬದಲಿಸುವ ನ್ಯಾಟ್ ಎಂಬ ವ್ಯವಸ್ಥೆಯನ್ನು ಹಾಯುವುದು) ಒಂದು ಪದ ಬೇಕು. ದಯವಿಟ್ಟು ಇವತ್ತೇ ತಿಳಿಸಿ.

ಮರು: ಅಗ್ನಿಗೋಡೆ

ಅಗ್ನಿಗೋಡೆ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದು. ಅದರ ಮೇಲೆ ಚರ್ಚೆಯೇ ಬೇಡ, ಕಿತ್ತುಹಾಕಿ. ಬೆಂಕಿಗೋಡೆ ಅನ್ನಿ. ಹೋಲ್ ಪಂಚಿಂಗ್ ‘ತೂತುಕೊರೆತ’. ಟ್ರಾವರ್ಸಲ್ ‘ಹಾಯ್ವಿಕೆ’: ಹಳಗನ್ನಡದ ‘ಪಾಯ್’ ಈಗಿನ ‘ಹಾಯ್’. ಹಾದಿಯೂ ಅದೇ, ಹಾಯಿದೋಣಿಯ ಹಾಯಿಯೂ ಕೇಳಲು ಹಾಗೇ ಇದೆ. ಇಷ್ಟು ಹುಲುಸಾದ ಧಾತು ಕೈಯಲ್ಲಿರುವಾಗ ಟ್ರಾವರ್ಸಲ್ ಅಂತ ಬರೆಯುವವರನ್ನು ಏನೆನ್ನಬೇಕೋ!

ಮರು: ಅಗ್ನಿಗೋಡೆ

> ಬೆಂಕಿಗೋಡೆ ಅನ್ನಿ

ಸಮಾಸ ಸರಿಹೋಯಿತು, ಅರ್ಥ ಕೆಟ್ಟಿತು. ಕಲ್ಲುಗೋಡೆ ಕಲ್ಲಿನದು, ಮಣ್ಣುಗೋಡೆ ಮಣ್ಣಿನದು, ಬೆಂಕಿಗೋಡೆ? ಕಟ್ಟಡದಲ್ಲಿ ಆ ಗೋಡೆ ಇರುವುದು ಬೆಂಕಿ ಒಂದು ಭಾಗದಿಂದ ಇನ್ನೊಂದಕ್ಕೆ ಹಬ್ಬದಿರಲಿ ಅಂತ. ಹಾಯಿದೋಣಿಯನ್ನು ಇಲ್ಲಿಗೆ ಎಳೆದು ತರುವ ಅಗತ್ಯವೂ ಇರಲಿಲ್ಲ.

ಕೇಳಿದವರಿಗೆ ಒಂದು ಮಾತು: ‘ಹಿಂದೆ’ ಬೇಡ. ಕೋಟೆಯ ಜನ ಕೋಟೆಯ ಒಳಗಿರುತ್ತಾರೆ, ಅದರ ಹಿಂದೆ ಅಲ್ಲ. ‘ಫೈರ್‌ವಾಲ್ ಒಳಗಿನ ಕಂಪ್ಯೂಟರ್’ ಎಂದರೆ ಮುಗಿಯಿತು.

ಮರು: ಸೊಳ್ಳೆಪರದೆ

ಸೊಳ್ಳೆಪರದೆಯನ್ನು ಸೊಳ್ಳೆಯಿಂದ ನೇಯುತ್ತಾರೆಯೇ?

ಮರು: ಹೋಲ್ ಪಂಚಿಂಗ್‌ಗೆ ಪದ ಬೇಕು

ಸಮಾಸ ಬಿಡಿಸುವ ಮೊದಲು ಕೆಲಸ ಹೇಗೆ ನಡೆಯುತ್ತದೆಂದು ನೋಡೋಣ. ‘ತೂತುಕೊರೆತ’ ಎಂದರೆ ಓದುವವರು ಎದುರಿನವರ ಗೋಡೆ ಕೊರೆಯುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಆಗುವುದು ಅದರ ತದ್ವಿರುದ್ಧ.

ಸಾಮಾನ್ಯ ಫೈರ್‌ವಾಲ್ ಒಳಗಿನಿಂದ ಹೊರಟದ್ದನ್ನು ಬಿಡುತ್ತದೆ, ಅದಕ್ಕೆ ಬಂದ ಉತ್ತರವನ್ನೂ ಬಿಡುತ್ತದೆ. ಕರೆಯದೆ ಬಂದದ್ದನ್ನು ಬಿಸಾಡುತ್ತದೆ. ಎರಡೂ ಕಡೆ ಹೀಗೇ ಇದ್ದರೆ ಯಾರು ಮೊದಲು ಕರೆದರೂ ಕರೆ ಒಳಗೆ ಹೋಗದು. ಅದಕ್ಕೇ ಇಬ್ಬರೂ ಮೊದಲು ಹೊರಗಿನ ಸ್ಟನ್ ಸರ್ವರ್‌ಗೆ, ಯುಡಿಪಿ (ತಲುಪಿತೇ ಎಂದು ಕಾಯದೆ ಕಳಿಸುವ ವಿಧಾನ) ಪೋರ್ಟ್, ಅಂದರೆ ಬಾಗಿಲ ಸಂಖ್ಯೆ, 3478ಕ್ಕೆ, ಒಂದು ಪ್ಯಾಕೆಟ್ (ಮಾಹಿತಿಯ ತುಣುಕು) ಕಳಿಸಿ ‘ಹೊರಗಿನಿಂದ ನನ್ನ ವಿಳಾಸ, ಪೋರ್ಟ್ ಯಾವುದಾಗಿ ಕಾಣುತ್ತಿದೆ’ ಎಂದು ಕೇಳುತ್ತಾರೆ. 192.168ರಿಂದಲೋ 10ರಿಂದಲೋ ಶುರುವಾಗುವ ಒಳವಿಳಾಸ ಹೊರಗಿನವರಿಗೆ ಉಪಯೋಗವಿಲ್ಲ. ಸಿಕ್ಕ ವಿಳಾಸಗಳನ್ನು ಕರೆ ಕೂಡಿಸುವ ಸರ್ವರ್ ಮೂಲಕ ಪರಸ್ಪರ ತಿಳಿಸಿ, ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಒಬ್ಬರಿಗೊಬ್ಬರು ಪ್ಯಾಕೆಟ್ ಕಳಿಸುತ್ತಾರೆ. ಮೊದಲನೆಯದು ಎದುರಿನ ಫೈರ್‌ವಾಲ್‌ನಲ್ಲಿ ಸತ್ತುಹೋಗಬಹುದು, ಚಿಂತೆಯಿಲ್ಲ. ಹೊರಡುವಾಗ ಅದು ತನ್ನ ಕಡೆಯ ದಾರಿ ತೆರೆದಿರುತ್ತದೆ. ಅಲ್ಲಿಂದ ಬರುವುದು ಈಗ ‘ಉತ್ತರ’ವಾಗಿ ಒಳಬರುತ್ತದೆ.

ಎಂದರೆ ತೆರೆಯುವುದು ನಮ್ಮದೇ ಗೋಡೆ, ಅದೂ ಒಳಗಿನಿಂದ. ಸುಮ್ಮನಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ಯುಡಿಪಿ ದಾರಿಯನ್ನು ಕನಿಷ್ಠ 2 ನಿಮಿಷ ತೆರೆದಿಡಬೇಕೆಂದು ಆರ್‌ಎಫ್‌ಸಿ 4787 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಹೇಳುತ್ತದೆ, ಆದರೆ 30 ಸೆಕೆಂಡಿಗೇ ಮುಚ್ಚುವ ಉಪಕರಣಗಳಿವೆ. ಅದಕ್ಕೇ ವಿಳಾಸಗಳನ್ನೆಲ್ಲ ಪ್ರಯತ್ನಿಸಿ ದಾರಿ ಹುಡುಕುವ ಐಸ್ ಪದ್ಧತಿಯಲ್ಲಿ ಸದ್ದಿಲ್ಲದ ಹೊತ್ತಿನಲ್ಲೂ 15 ಸೆಕೆಂಡಿಗೊಮ್ಮೆ ಪ್ಯಾಕೆಟ್ ಹೋಗುತ್ತಿರುತ್ತದೆ. ತೂತು ಮುಚ್ಚಿಕೊಳ್ಳುವುದಿಲ್ಲ, ಕಿಂಡಿ ಮುಚ್ಚಿಕೊಳ್ಳುತ್ತದೆ. ನನ್ನ ಮತ ‘ಕಿಂಡಿ ತೆರೆಯುವುದು’.

ಕಿಂಡಿ ಕೈಕೊಡುವುದು ಎಲ್ಲಿ ಅಂತಲೂ ಪುಟದಲ್ಲಿ ಬರೆಯಿರಿ. ಸಿಮೆಟ್ರಿಕ್ ನ್ಯಾಟ್ ಗಮ್ಯಕ್ಕೊಂದು ಹೊರಪೋರ್ಟ್ ಕೊಡುತ್ತದೆ. ಸ್ಟನ್‌ಗೆ ಕಂಡ ಪೋರ್ಟ್ ಬೇರೆ, ಗೆಳೆಯನಿಗೆ ಹೋಗುವ ಪೋರ್ಟ್ ಬೇರೆ. ಎರಡೂ ಕಡೆ ಹೀಗಿದ್ದರೆ ರಿಲೇಯೇ ಗತಿ. ಕಚೇರಿಯ ಫೈರ್‌ವಾಲ್ ಯುಡಿಪಿಯನ್ನೇ ತಡೆದಿದ್ದರೂ ಅಷ್ಟೇ. ಆಗ ರಿಲೇ ಮಾಡುವ ಟರ್ನ್ ಸರ್ವರ್ ಬೇಕು: ಪೋರ್ಟ್ 3478, ಗೂಢಲಿಪಿಯಲ್ಲಿ ಕಳಿಸುವ ಟಿಎಲ್‌ಎಸ್‌ಗೆ 5349. ಬಿಗಿಯಾದ ಜಾಲಗಳು ವೆಬ್‌ಪುಟಗಳ ಪೋರ್ಟ್ 443 ಒಂದನ್ನೇ ಬಿಡುವುದರಿಂದ ಟರ್ನ್ ಅನ್ನು ಟಿಸಿಪಿ (ಕ್ರಮ ತಪ್ಪದೆ ತಲುಪಿಸುವ ವಿಧಾನ) 443ರಲ್ಲೂ ಕೂರಿಸುವುದುಂಟು. ಟಿಸಿಪಿ ಮೇಲೆ ಹೋದರೆ ಒಂದು ಪ್ಯಾಕೆಟ್ ಕಳೆದರೂ ಹಿಂದಿನವೆಲ್ಲ ಅದಕ್ಕಾಗಿ ಕಾಯುತ್ತವೆ, ಚಿತ್ರ ನಿಂತು ನಿಂತು ಬರುತ್ತದೆ. ರಿಲೇ ಪುಕ್ಕಟೆಯೂ ಅಲ್ಲ: ಇಬ್ಬರೂ ಸೆಕೆಂಡಿಗೆ 1.5 ಮೆಗಾಬಿಟ್ ಕಳಿಸಿದರೆ ಸರ್ವರ್‌ಗೆ 3 ಬರುತ್ತದೆ, 3 ಹೋಗುತ್ತದೆ.

‘ನ್ಯಾಟ್’ ಹಾಗೇ ಇರಲಿ. ಹೊಸ ವಿಳಾಸ ಪದ್ಧತಿಯಾದ ಐಪಿವಿ6ನಲ್ಲಿ ಸಾಮಾನ್ಯವಾಗಿ ನ್ಯಾಟ್ ಇರದು, ಫೈರ್‌ವಾಲ್ ಇರುತ್ತದೆ, ಕಿಂಡಿ ಅಲ್ಲೂ ಬೇಕಾಗುತ್ತದೆ. ಎರಡನ್ನೂ ‘ಗೋಡೆ’ ಅಂದರೆ ಗೊಂದಲ. ಕ್ಯಾಂಡಿಡೇಟ್ ಎಂದರೆ ಕರೆಗೆ ಪ್ರಯತ್ನಿಸಬಹುದಾದ ವಿಳಾಸ: ಸ್ವಂತದ್ದು, ಹೊರಗಿನಿಂದ ಕಂಡದ್ದು, ರಿಲೇ ಕೊಟ್ಟದ್ದು. ‘ಕರೆ ಕೂಡಿಸಲು ಹೊಂದುವ ವಿಳಾಸ ಸಿಗಲಿಲ್ಲ’ ಎಂದು ಬರೆಯಿರಿ, ಚುನಾವಣೆ ತಪ್ಪುತ್ತದೆ.

ಮರು: ಎರವಲು

> ‘ನ್ಯಾಟ್’ ಹಾಗೇ ಇರಲಿ

ಎಲ್ಲವೂ ಹಾಗೇ ಇರಲಿ! ಸರ್ವರ್, ಪೋರ್ಟ್, ಪ್ಯಾಕೆಟ್, ರಿಲೇ. ಕನ್ನಡದ ಪಾಲಿಗೆ ವಿಭಕ್ತಿ ಪ್ರತ್ಯಯ ಮಾತ್ರ. ಕಿಂಡಿ ಒಪ್ಪಿದೆ. ಆದರೆ ಕೋಟೆಯ ಚಿಕ್ಕ ಬಾಗಿಲಿಗೆ ‘ದಿಡ್ಡಿ’ ಎಂಬ ಚೆಂದದ ಪದ ಇರುವಾಗ ಪೋರ್ಟ್ ಯಾಕೆ?

ಮರು: ಎರವಲು

‘ದಿಡ್ಡಿ 3478 ತೆರೆಯಿರಿ’ ಎಂದು ಓದಿದವರು ರೂಟರಿನ ಪುಟದಲ್ಲಿ ಯಾವ ಖಾನೆ ಹುಡುಕಬೇಕು ಸ್ವಾಮಿ? ಅಲ್ಲಿರುವುದು ಪೋರ್ಟ್. ಬಳಕೆದಾರರು ಕೈಯಾರೆ ಹುಡುಕಿ ಒತ್ತಬೇಕಾದ ಹೆಸರನ್ನು ಮುಟ್ಟಬೇಡಿ. ವಿವರಣೆಯ ಭಾಗವನ್ನು ಎಷ್ಟು ಬೇಕೋ ಅಷ್ಟು ಕನ್ನಡ ಮಾಡಿ. ಇನ್ನು ಎರವಲಿನ ಮಾತು. ಮೇಲೆ ಸೊಳ್ಳೆಪರದೆಯಿಂದ ಗೆದ್ದವರೇ, ಪರದೆ ಫಾರ್ಸಿಯಿಂದ ಬಂದದ್ದು. ಕಾಗದ, ಅರ್ಜಿ, ಕಿಟಕಿ ಯಾವುವೂ ಇಲ್ಲೇ ಹುಟ್ಟಿದವಲ್ಲ.

ಮರು: ಎರವಲು

ನೂರಾರು ವರ್ಷ ಬಾಯಲ್ಲಿ ಸವೆದು ಬಂದ ಪರದೆಗೂ ನಿನ್ನೆ ಇಳಿದ ರಿಲೇಗೂ ವ್ಯತ್ಯಾಸ ಕಾಣದವರೊಂದಿಗೆ ವಾದ ಬೇಡ.

ಮರು: ಹೋಲ್ ಪಂಚಿಂಗ್‌ಗೆ ಪದ ಬೇಕು

ಎಲ್ಲರಿಗೂ ವಂದನೆ. ಹೀಗೆ ಬರೆದಿದ್ದೇನೆ: ‘ಎರಡೂ ಕಂಪ್ಯೂಟರ್‌ಗಳು ಬೇರೆ ಬೇರೆ ಫೈರ್‌ವಾಲ್‌ಗಳ ಒಳಗಿದ್ದು, ನೇರ ಕರೆಗೆ ಕಿಂಡಿ ತೆರೆಯಲಾಗದಿದ್ದರೆ ಕರೆ ರಿಲೇ ಸರ್ವರ್ ಮೂಲಕ ಹಾದುಹೋಗುತ್ತದೆ.’ ಟ್ರಾವರ್ಸಲ್ ಶೀರ್ಷಿಕೆಯಲ್ಲಿ ಮಾತ್ರ ಬರುವುದರಿಂದ ‘ನ್ಯಾಟ್ ದಾಟುವುದು’ ಸಾಕು. ಕೊನೆಯದೊಂದು: ‘ರಿಂಗ್ ಆಗುತ್ತದೆ, ಎತ್ತಿದರೆ ಚಿತ್ರವೂ ಇಲ್ಲ, ಧ್ವನಿಯೂ ಇಲ್ಲ’ ಎಂಬ ದೂರಿಗೆ ಕಾರಣ ಒಂದೇ ಸಾಲಿನಲ್ಲಿ ಬೇಕು.

ಮರು: ಹೋಲ್ ಪಂಚಿಂಗ್‌ಗೆ ಪದ ಬೇಕು

‘ಕರೆ ಕೂಡಿಸುವ ಸಂದೇಶ ದಾಟಿದೆ, ಚಿತ್ರ-ಧ್ವನಿಯ ಪ್ಯಾಕೆಟ್‌ಗಳು ದಾಟಿಲ್ಲ.’ ಎಚ್.323 ಎಂಬ ಹಳೆಯ ವಿಡಿಯೊ ಕರೆ ಪದ್ಧತಿಯ ಉಪಕರಣಗಳಲ್ಲಿ ಕರೆ ಕೂಡಿಸುವ ಟಿಸಿಪಿ 1720 ತೆರೆದು ಅಷ್ಟಕ್ಕೇ ಬಿಡುವುದರಿಂದ ಹೀಗಾಗುತ್ತದೆ, ಏಕೆಂದರೆ ಚಿತ್ರ ಮತ್ತು ಧ್ವನಿಗೆ ಪ್ರತಿ ಕರೆಯಲ್ಲೂ ಬೇರೆ ಯುಡಿಪಿ ಪೋರ್ಟ್‌ಗಳು ನಿಗದಿಯಾಗುತ್ತವೆ. ಕರೆ ಕೂಡಿಸುವ ಇನ್ನೊಂದು ಪದ್ಧತಿ ಸಿಪ್ ಆದರೆ ರೂಟರಿನ ‘ಸಿಪ್ ಎಎಲ್‌ಜಿ’ ಆಫ್ ಮಾಡಿ ನೋಡಲು ಹೇಳಿ. ಸಂದೇಶದೊಳಗಿನ ವಿಳಾಸವನ್ನು ಅದು ತಪ್ಪಾಗಿ ತಿದ್ದಿದಾಗ ಒಂದು ಕಡೆಗೆ ಮಾತ್ರ ಧ್ವನಿ ಕೇಳುವುದುಂಟು. ಟರ್ನ್ ಸರ್ವರ್ ನೀವೇ ನಡೆಸುವವರಾದರೆ ಅದರ ಯುಡಿಪಿ 49152ರಿಂದ 65535 ತೆರೆದಿರಬೇಕು ಎಂಬ ಸಾಲನ್ನೂ ಸೇರಿಸಿ. 3478 ಒಂದನ್ನೇ ತೆರೆದರೆ ರಿಲೇ ವಿಳಾಸವೇನೋ ಸಿಗುತ್ತದೆ, ಆ ವಿಳಾಸಕ್ಕೆ ಹೊರಗಿನಿಂದ ಏನೂ ಬಂದು ತಲುಪುವುದಿಲ್ಲ.

ಮರು: ಹಾಯ್

‘ಹಾಯ್ದುಹೋಗುತ್ತದೆ’ ಎಂದಿರಬೇಕಿತ್ತು.

ಮರು: ಹಾಯ್

‘ಹಾದು’ ರೂಪವೂ ಸಾಧುವೇ. ಫೈಲ್ ಕಳಿಸಿ.