ಬೇಲ್‌ಗೆ 50,000 ಅಂದರೆ ಅಷ್ಟೂ ದುಡ್ಡು ಹೊಂದಿಸಬೇಕಾ? (ಚಳ್ಳಕೆರೆ ಕೋರ್ಟ್)

ವೇದಾವತಿ_ದಂಡೆ

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ಬದುವಿನ ಜಗಳ ಆಗಿ ನಮ್ಮ ಯಜಮಾನರ ತಮ್ಮನನ್ನು ಅರೆಸ್ಟ್ ಮಾಡಿದ್ದಾರೆ. ಎಫ್‌ಐಆರ್‌ನಲ್ಲಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 115(2), 118(1), 352, 351(2), ಜೊತೆಗೆ 3(5). ಮ್ಯಾಜಿಸ್ಟ್ರೇಟರು ಜೆಸಿಗೆ (ನ್ಯಾಯಾಂಗ ಬಂಧನ) ಕಳಿಸಿದ್ದಾರೆ, ಈಗ ಚಿತ್ರದುರ್ಗ ಜೈಲಿನಲ್ಲಿದ್ದಾನೆ. 50,000 ಬಾಂಡ್ ಕೇಳಬಹುದು ಅನ್ನುತ್ತಾರೆ, ಅಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಶೇ 10 ಕಟ್ಟಿದರೆ ಏಜೆನ್ಸಿಯವರೇ ಬಿಡಿಸುತ್ತಾರೆ ಅಂತ ಒಂದು ವಿಡಿಯೊದಲ್ಲಿ ಇತ್ತು. ಅಂಥವರು ದುರ್ಗದಲ್ಲಿ ಇದ್ದಾರಾ? ವಕೀಲರ ಫೀಸಿಗೂ ಕಷ್ಟ, ಯಾರನ್ನು ಕೇಳಬೇಕು?

ಏಳುಸುತ್ತು

ಮೇಡಂ, ಶೇ 10 ಅಮೆರಿಕದ ಲೆಕ್ಕ. ಅಲ್ಲಿ ಬಾಂಡ್ ಬರೆದುಕೊಡೋದೇ ಒಂದು ವ್ಯಾಪಾರ, ಕಟ್ಟಿದ್ದು ವಾಪಸ್ ಬರಲ್ಲ. ನಮ್ಮಲ್ಲಿ ಆ ಏಜೆನ್ಸಿಗಳು ಇಲ್ಲ. ಕೋರ್ಟ್ ಹೊರಗೆ ಯಾರಾದರೂ "ಇಷ್ಟು ಕೊಡಿ, ಶ್ಯೂರಿಟಿ (ಜಾಮೀನುದಾರ) ನಾನು ತರ್ತೀನಿ" ಅಂದರೆ ದೂರ ಇರಿ. ಯಾರದ್ದೋ ಪಹಣಿಗೆ ಇನ್ಯಾರದ್ದೋ ಫೋಟೊ ಅಂಟಿಸಿದ ಜಾಮೀನು ಸಿಕ್ಕಿಬಿದ್ದರೆ ಬೇಲ್ ರದ್ದಾಗುವುದಷ್ಟೇ ಅಲ್ಲ, ನಕಲಿ ದಾಖಲೆಯ ಹೊಸ ಕೇಸು ಬೀಳುತ್ತೆ.

"50,000 ರೂಪಾಯಿಯ ವೈಯಕ್ತಿಕ ಬಾಂಡ್ ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ" ಅಂತ ಆದೇಶ ಆದರೆ, ಆ ಲೆಕ್ಕಕ್ಕೆ ಅವತ್ತು ಒಂದು ರೂಪಾಯಿಯನ್ನೂ ಕಟ್ಟೋದಿಲ್ಲ. ವಾಯಿದೆಗೆ ಬರ್ತೀನಿ ಅಂತ ಆರೋಪಿ ಮುಚ್ಚಳಿಕೆ ಬರೀತಾನೆ. ಅವನು ಬರದಿದ್ದರೆ ನನ್ನಿಂದ ವಸೂಲಿ ಮಾಡಿ ಅಂತ ಜಾಮೀನುದಾರ ಬರೀತಾನೆ. ಹಾಗಾಗಿ ದುಡ್ಡು ಹುಡುಕಬೇಡಿ, ಆಸ್ತಿ ಇರೋ, ನಂಬಿಕೆಯ ಒಬ್ಬ ಮನುಷ್ಯನನ್ನು ಹುಡುಕಿ.

ಸೆಕ್ಷನ್‌ಗಳಲ್ಲಿ ತೊಡಕಿನದ್ದು 118(1) ಒಂದೇ. ಉಳಿದವು ಜಾಮೀನು ಸಿಗಲೇಬೇಕಾದವು. ಅವಷ್ಟೇ ಇದ್ದಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 118 ಬಿಟ್ಟು ಮುಂದೆ ಬರೋ ಬೇಲ್ ನಂಬರ್‌ಗಳು ಇದರದ್ದೇ) 478ರ ಪ್ರಕಾರ ಸ್ಟೇಷನ್ನಲ್ಲೇ ಬಿಡಬೇಕಿತ್ತು. 118(1) ಆಯುಧದಿಂದ ಹೊಡೆದ ಆರೋಪ, ಮೂರು ವರ್ಷದವರೆಗೆ ಶಿಕ್ಷೆ, ನಾನ್ ಬೇಲಬಲ್. ಹಾಗಂದರೆ ಬೇಲೇ ಇಲ್ಲ ಅಂತಲ್ಲ, ಕೊಡೋದು ಬಿಡೋದು ನ್ಯಾಯಾಧೀಶರ ವಿವೇಚನೆ ಅಂತ. ಚಳ್ಳಕೆರೆ ಜೆಎಂಎಫ್‌ಸಿಯಲ್ಲಿ (ಮ್ಯಾಜಿಸ್ಟ್ರೇಟ್ ಕೋರ್ಟ್) 480ರ ಅರ್ಜಿ ಹಾಕಿ. ತಿರಸ್ಕಾರ ಆದರೆ ಚಿತ್ರದುರ್ಗದ ಸೆಷನ್ಸ್ ಕೋರ್ಟಿನಲ್ಲಿ 483, ಅಲ್ಲೂ ಆಗದಿದ್ದರೆ ಬೆಂಗಳೂರಿನ ಹೈಕೋರ್ಟ್.

ಒಂದು ವಿಷಯ ಈಗಲೇ ತಿಳ್ಕೊಳ್ಳಿ: ಗಾಯಾಳುವಿನ ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರ್ ಕೊಡೋ ಪತ್ರ) ಬಂದಿದೆಯಾ? ಮೂಳೆ ಮುರಿದಿದೆ ಅಂತ ಬಂದರೆ 118(2) ಸೇರಿಸಬಹುದು. ಅದಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇದೆ, ಆಗ ಮ್ಯಾಜಿಸ್ಟ್ರೇಟರು ಬೇಲ್ ಕೊಡೋದು ಕಷ್ಟ, ಸೆಷನ್ಸ್‌ಗೇ ಹೋಗಬೇಕಾಗುತ್ತೆ. ಅರೆಸ್ಟ್ ಮೆಮೊ ಮತ್ತು ಬಂಧನದ ಕಾರಣ ಬರೆದುಕೊಟ್ಟ ಹಾಳೆಯನ್ನೂ ಜೋಪಾನ ಮಾಡಿ. ಏಳು ವರ್ಷದೊಳಗಿನ ಶಿಕ್ಷೆಯ ಕೇಸಿನಲ್ಲಿ 35(3) ನೋಟಿಸ್ (ಬಂಧಿಸದೆ ಸ್ಟೇಷನ್‌ಗೆ ಬನ್ನಿ ಅನ್ನೋ ನೋಟಿಸ್) ಕೊಡದೆ ಯಾಕೆ ಬಂಧಿಸಿದರು ಅನ್ನೋದನ್ನು ಬೇಲ್ ಅರ್ಜಿಯಲ್ಲೇ ಎತ್ತಬಹುದು.

ಬೆಣ್ಣೆನಗರಿ

ಎಲ್ಲರೂ ಎಡವೋದು ಶ್ಯೂರಿಟಿ ಕಾಗದದಲ್ಲಿ. ಆದೇಶ ಬರಲಿ ಅಂತ ಕಾಯಬೇಡ್ರಿ, ಅರ್ಜಿ ನಡೀತಿರುವಾಗಲೇ ರೆಡಿ ಮಾಡ್ಕೊಳ್ರಿ. ಹೊಲ ಇರೋರಾದ್ರೆ ಈ ವರ್ಷದ ಪಹಣಿ, ಊರೊಳಗಿನ ಮನೆ ಆದ್ರೆ ಖಾತೆ ಎಕ್ಸ್‌ಟ್ರಾಕ್ಟ್ ಮತ್ತೆ ಈ ಸಾಲಿನ ಕಂದಾಯ ರಸೀದಿ. ಆಧಾರ್ ಒರಿಜಿನಲ್, ಎರಡು ಮೂರು ಜೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೊ. ಅಫಿಡವಿಟ್ ವಕೀಲರು ಮಾಡಿಸ್ತಾರೆ. ಕೆಲವು ಕಡೆ ಜಮೀನಿನ ಬೆಲೆಗೂ ಸರ್ಟಿಫಿಕೇಟ್ ಕೇಳ್ತಾರೆ, ಬೆಂಚ್ ಕ್ಲರ್ಕ್ ಹತ್ರ ಹಿಂದಿನ ದಿನವೇ ವಿಚಾರಿಸ್ರಿ.

ಈಗ ಪಹಣಿ, ಆಧಾರ್ ಎರಡನ್ನೂ ಪಕ್ಕ ಪಕ್ಕ ಇಟ್ಟು ಓದ್ರಿ. ಪಹಣಿಯಲ್ಲಿ "ತಿಪ್ಪೇಸ್ವಾಮಿ ಬಿನ್ ಓಬಣ್ಣ", ಆಧಾರಲ್ಲಿ "ಓ. ತಿಪ್ಪೇಸ್ವಾಮಿ" ಇದ್ದರೆ ಇಬ್ಬರೂ ಒಬ್ಬನೇ ಅನ್ನೋದಕ್ಕೆ ಅಫಿಡವಿಟ್‌ನಲ್ಲಿ ಒಂದು ಸಾಲು ಬೇಕು. ನಮ್ಮ ಕಡೆ ಒಂದೇ ಊರಲ್ಲಿ ನಾಲ್ಕು ಜನ ತಿಪ್ಪೇಸ್ವಾಮಿ ಇರ್ತಾರೆ, ಕೋರ್ಟಿಗೆ ಅನುಮಾನ ಬಂದರೆ ತಪ್ಪಲ್ಲ. ಪೌತಿ ಖಾತೆ ಆಗದೆ ತೀರಿಹೋದ ಅಪ್ಪನ ಹೆಸರಲ್ಲೇ ಇರೋ ಪಹಣಿ ತರಬೇಡ್ರಿ. ಐದು ಜನ ಅಣ್ಣತಮ್ಮಂದಿರ ಜಂಟಿ ಹೆಸರಿದ್ದರೆ ಇವರ ಪಾಲು ಎಷ್ಟು ಅನ್ನೋ ಪ್ರಶ್ನೆ ಬರುತ್ತೆ. ಋಣದ ಕಾಲಂನಲ್ಲಿ ಬ್ಯಾಂಕಿನ ಸಾಲ ತುಂಬಿದ್ದರೂ ಕಷ್ಟ. ಇದೇ ವ್ಯಕ್ತಿ ಇನ್ನೆಷ್ಟು ಜನಕ್ಕೆ ಜಾಮೀನು ನಿಂತಿದ್ದಾರೆ ಅನ್ನೋದನ್ನ 486ರ ಪ್ರಕಾರ ಬರೆದುಕೊಡಬೇಕು. ಅಲ್ಲಿ ಸುಳ್ಳು ಹೇಳಬಾರದು.

ನ್ಯಾಯಾಧೀಶರು ಜಾಮೀನುದಾರರನ್ನ ನಿಲ್ಲಿಸಿ ಕೇಳ್ತಾರೆ: ಆರೋಪಿ ನಿಮಗೇನಾಗಬೇಕು, ಎಷ್ಟು ಎಕರೆ, ಸರ್ವೆ ನಂಬರ್ ಎಷ್ಟು, ಏನು ಹಾಕಿದ್ದೀರಿ? ಶೇಂಗಾನೋ ಈರುಳ್ಳಿನೋ ಹೇಳೋಕೆ ತಡವರಿಸಿದರೆ ಬಾಡಿಗೆ ಜಾಮೀನು ಅಂತ ಅನುಮಾನ ಶುರು. ನಿಜವಾದ ರೈತನೂ ಕಟಕಟೆ ಕಂಡು ಗಾಬರಿ ಬೀಳ್ತಾನೆ, ಅದಕ್ಕೇ ಮೊದಲೇ ಹೇಳಿಟ್ಟಿರ್ರಿ.

ಜಾಮೀನುದಾರ ಸಿಗದೇ ಹೋದರೆ 490ರಲ್ಲಿ ನಗದು ಠೇವಣಿಗೆ ಅನುಮತಿ ಕೇಳಬಹುದು. ರಸೀದಿ ಕಳೀಬೇಡ್ರಿ, ಕೇಸ್ ಮುಗಿದ ಮೇಲೆ ವಾಪಸ್ ಪಡೆಯೋಕೆ ಅದು ಬೇಕು.

ವೇದಾವತಿ_ದಂಡೆ

ಜಮೀನು ಇರೋ ಸಂಬಂಧಿಕರು ಹಿರಿಯೂರಿನವರು. ಚಳ್ಳಕೆರೆಯವರೇ ಬೇಕು ಅಂತಾರಾ?

ಮುಂಗಾರು_ಮೋಡ

ಹಿರಿಯೂರು ಅದೇ ಜಿಲ್ಲೆ, ತೊಂದರೆ ಇಲ್ಲ. ಬೇರೆ ಊರಿನವರು ಅನ್ನೋ ಕಾರಣಕ್ಕೆ ಜಾಮೀನುದಾರರನ್ನು ನಿರಾಕರಿಸಬಾರದು ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಮೋತಿರಾಮ್ ಕೇಸಿನಲ್ಲಿ ಹೇಳಿದೆ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನ ಕೇಸು ಅದು.

ವಕೀಲರ ವಿಷಯಕ್ಕೆ ಬರೋಣ. ಬಂಧನದಲ್ಲಿ ಇರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ವಕೀಲರು ಉಚಿತ, ಆದಾಯ ನೋಡಲ್ಲ. ಚಳ್ಳಕೆರೆ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು, ಚಿತ್ರದುರ್ಗ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರವನ್ನು ಕೇಳಿ. ಹೋಗೋಕಾಗದಿದ್ದರೆ 15100ಕ್ಕೆ ಫೋನ್ ಮಾಡಿ. ಕ್ರೈಂ ನಂಬರ್ (ಎಫ್‌ಐಆರ್ ನಂಬರ್), ಸ್ಟೇಷನ್ ಹೆಸರು, ತಂದೆಯ ಹೆಸರು ಸಮೇತ ಅವನ ಪೂರ್ತಿ ಹೆಸರು, ಬಂಧನದ ದಿನಾಂಕ ಬರೆದಿಟ್ಟುಕೊಂಡು ಹೋದರೆ ಅರ್ಧ ಕೆಲಸ ಆದಂತೆ. ವಕಾಲತ್ತಿಗೆ ಅವನ ಸಹಿ ಜೈಲಿನಲ್ಲೇ ಆಗುತ್ತೆ, ಜೈಲು ಅಧಿಕಾರಿ ದೃಢೀಕರಿಸ್ತಾರೆ. ಉಚಿತ ವಕೀಲರು ಅಂದರೆ ಮೂಗು ಮುರಿಯೋರು ಬಹಳ. ಡಿಫೆನ್ಸ್ ಕೌನ್ಸೆಲ್ ವ್ಯವಸ್ಥೆಯವರು (ಪ್ರಾಧಿಕಾರವೇ ನೇಮಿಸಿದ ಆರೋಪಿಗಳ ಪರ ವಕೀಲರು) ದಿನಾ ಕ್ರಿಮಿನಲ್ ಕೇಸೇ ನೋಡೋರು, ಹತ್ತು ಥರದ ಸಿವಿಲ್ ಫೈಲ್ ಮಧ್ಯೆ ನಿಮ್ಮದನ್ನು ತುರುಕೋರಲ್ಲ.

ಬೇಲ್ ಆಗಿಯೂ ಶ್ಯೂರಿಟಿ ಸಿಗದೆ ಏಳು ದಿನ ಒಳಗೇ ಉಳಿದರೆ, ಜೈಲು ಸೂಪರಿಂಟೆಂಡೆಂಟ್ ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಇದೆ. ಒಂದು ತಿಂಗಳಾದರೂ ಬಾಂಡ್ ಆಗದಿದ್ದರೆ ಕೋರ್ಟೇ ಷರತ್ತು ಸಡಿಲಿಸೋದನ್ನು ಪರಿಶೀಲಿಸಬಹುದು.

ಏಳುಸುತ್ತು

ಇನ್ನೆರಡು ಮಾತು. 118(1) ಅಷ್ಟೇ ಉಳಿದರೆ, ಮೊದಲ ರಿಮಾಂಡ್‌ನಿಂದ 60 ದಿನದೊಳಗೆ ಚಾರ್ಜ್‌ಶೀಟ್ ಬರಬೇಕು. ಬರದಿದ್ದರೆ 187ರಲ್ಲಿ ಬೇಲ್ ಹಕ್ಕು, ಆದರೆ ಚಾರ್ಜ್‌ಶೀಟ್ ಬೀಳೋ ಮೊದಲೇ ಅರ್ಜಿ ಹಾಕಿರಬೇಕು.

ಬಾಂಡ್ ಒಪ್ಪಿದ ಮೇಲೆ ಬಿಡುಗಡೆ ಆದೇಶ ಚಳ್ಳಕೆರೆಯಿಂದ ದುರ್ಗದ ಜೈಲಿಗೆ ಸಂಜೆ ಲಾಕಪ್‌ಗೆ ಮೊದಲು ಮುಟ್ಟಬೇಕು, ಇಲ್ಲದಿದ್ದರೆ ಮಾರನೇ ದಿನವೇ. ಅದಕ್ಕೇ ಜಾಮೀನುದಾರರನ್ನು ಬೆಳಿಗ್ಗೆ ಕೋರ್ಟ್ ಕೂರುವ ಹೊತ್ತಿಗೇ ಕರೆತನ್ನಿ. ಆದೇಶದಲ್ಲಿ ಹೆಸರು, ತಂದೆ ಹೆಸರು, ಕ್ರೈಂ ನಂಬರ್ ಓದಿ ನೋಡಿ. ಒಂದಂಕಿ ತಪ್ಪಿದರೂ ಜೈಲಿನವರು ವಾಪಸ್ ಕಳಿಸ್ತಾರೆ.

ಹಿರಿಯೂರಿನ ಸಂಬಂಧಿಕರಿಗೆ ಮುಚ್ಚಿಡದೆ ಹೇಳಿ: ಇವನು ತಪ್ಪಿಸಿಕೊಂಡರೆ 491ರಲ್ಲಿ ಅವರಿಗೇ ನೋಟಿಸ್, ಹಣ ವಸೂಲಾಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲು. ಮುಂದೆ ನಂಬಿಕೆ ಹೋದರೆ 489ರಲ್ಲಿ ಅರ್ಜಿ ಕೊಟ್ಟು ಜಾಮೀನಿನಿಂದ ಬಿಡಿಸಿಕೊಳ್ಳಬಹುದು. ವಾಯಿದೆ ದಿನ ಮೈದುನನಿಗೆ ಜ್ವರ ಬಂದರೂ ಸುಮ್ಮನೆ ಮನೇಲಿ ಮಲಗಬಾರದು, ಅವತ್ತೇ ವಕೀಲರಿಂದ ಗೈರುಹಾಜರಿ ವಿನಾಯಿತಿ ಅರ್ಜಿ ಹಾಕಿಸಿ, ಇಲ್ಲದಿದ್ದರೆ ವಾರಂಟ್ ಹೊರಡುತ್ತೆ.