ಹಳೆ ಫ್ಯಾನ್ ಬದಲಿಸಿದರೆ ಲಾಭ ಇದೆಯಾ?

ಪ್ರಶ್ನೆ: ನಮ್ಮ ಮನೆ ಮಲ್ಪೆಯಲ್ಲಿ. ಸೆಕೆಗೆ ಹಾಲ್ ಫ್ಯಾನ್ ದಿನಕ್ಕೆ 15 ಗಂಟೆ ತಿರುಗುತ್ತದೆ. ಉಪ್ಪುಗಾಳಿಗೆ ರೆಕ್ಕೆಯ ಅಂಚೆಲ್ಲ ತುಕ್ಕು. ಬಿಎಲ್‌ಡಿಸಿ ಫ್ಯಾನಿಗೆ (ಕಮ್ಮಿ ಕರೆಂಟ್ ಸಾಕಾಗುವ ಮೋಟರಿನದು) ಅಂಗಡಿಯವರು 3,000 ಹೇಳಿದರು, ಸಾದಾ ಫ್ಯಾನಿಗೆ 1,500. ಗೃಹಜ್ಯೋತಿಯಿಂದ ಬಿಲ್ಲೇ ಸೊನ್ನೆ. ಸುಮ್ನೆ ಜಾಸ್ತಿ ಕೊಡಬೇಕಾ?

ಉತ್ತರ 1: ತಗೊಳ್ಳಿ ಅಕ್ಕ. ಸಾದಾ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕು, ಇದಕ್ಕೆ 30. ನಿಮ್ಮ ಲೆಕ್ಕಕ್ಕೆ ತಿಂಗಳಿಗೆ 20 ಯೂನಿಟ್ ಉಳಿತಾಯ. ಮೇ ತಿಂಗಳಲ್ಲಿ ನಮ್ಮದು 207 ಆಯಿತು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಆ ಏಳಕ್ಕಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಆ ಚೀಟಿ ಇನ್ನೂ ನಮ್ಮ ಕ್ಯಾಲೆಂಡರ್ ಮೊಳೆಯಲ್ಲಿದೆ.

ಉತ್ತರ 2: ಕರೆಂಟ್ ಕಮ್ಮಿ ಅಲ್ವಾ ಅಂತ ನಾವು ಖಾಲಿ ಕೋಣೆಯಲ್ಲೂ ಹಾಕಿಟ್ಟೆವು. ಉಳಿತಾಯ ಹಾಗೇ ಸೋರಿತು. ಸ್ವಿಚ್ ಮೇಲೆ ಕಣ್ಣಿರಲಿ.

ಕೇಳಿದವರು: ಭಾನುವಾರ ಉಡುಪಿಗೆ ಹೋಗಿ ತರುತ್ತೇನೆ. ಸದ್ಯಕ್ಕೆ ಹಾಲ್‌ಗೆ ಒಂದು.